ಹೆಸರಿಗೊಂದು ಹೂವು

ಕಳೆದ ಜನವರಿಯಲ್ಲಿ ಗೆಳತಿಯೊಬ್ಬಳು ಫೋನ್ ಮಾಡಿ, “ಚಂದ್ರಂಪಳ್ಳಿ ಹತ್ರ ಒಂದು ಸಾಲ್ಯಾಗ ಎರಡು ದಿನದ ಓದೋ ಶಿಬಿರ ಇಟ್ಕೊಂಡೀವಿ. ನಲವತ್ಮೂರು ಮಕ್ಕಳು. ಎಲ್ಲಾರಿಗೂ ಚಂದನ ನೇಮ್ ಟ್ಯಾಗ್ ಬೇಕು. ನಿನಗ ಫೋಟೋಶಾಪ್ ಬರ್ತದಲ್ಲ?” ಎಂದಳು. ಬರುತ್ತದೆ ಎಂದೆ. ಪಿಎಚ್.ಡಿ. ಮಾಡುವವರ ಹತ್ತಿರ ಬೇಕಾದಷ್ಟು ಬಿಡುವಿರುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಆ ದಿನಗಳಲ್ಲಿ ಅದು ಸುಳ್ಳೂ ಆಗಿರಲಿಲ್ಲ. ನನ್ನ ಮಹಾಪ್ರಬಂಧದ ಮೂರನೇ ಅಧ್ಯಾಯ ನಾಲ್ಕು ತಿಂಗಳಿಂದ ಅಲ್ಲಾಡದೆ ಕೂತಿತ್ತು. ಅಧ್ಯಾಯದ ವಿಷಯ, ಈ ಸೀಮೆಯ ಹೆಣ್ಣುಮಕ್ಕಳ ಹೆಸರುಗಳು. ಹೆಸರುಗಳ ಬಗ್ಗೆ ಬರೆಯಲಾಗದೆ ಕೂತವಳಿಗೆ ಹೆಸರುಗಳನ್ನು ಅಲಂಕರಿಸುವ ಕೆಲಸ ಸಿಕ್ಕಿತು.

ಫೋಟೋಶಾಪ್ ನನಗೆ ಬಂದದ್ದು ಯಾವ ಕೋರ್ಸಿನಿಂದಲೂ ಅಲ್ಲ. ಡಿಗ್ರಿಯ ರಜೆಯಲ್ಲಿ ಶಹಾಬಾದಿನ ಒಂದು ಸಣ್ಣ ಅಂಗಡಿಯಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದೆ. ಜೆರಾಕ್ಸ್, ಲ್ಯಾಮಿನೇಷನ್, ಅರ್ಜಿ ತುಂಬುವುದು, ಪಾಸ್‌ಪೋರ್ಟ್ ಸೈಜ್ ಫೋಟೋ, ಫ್ಲೆಕ್ಸ್ ಡಿಸೈನ್, ಎಲ್ಲವೂ ಅಲ್ಲೇ. ವಾಟ್ಸಾಪ್ ಬಂದ ಹೊಸತರಲ್ಲಿ ಅಲ್ಲಿಗೆ ಹೊಸ ನಮೂನೆಯ ಗಿರಾಕಿಗಳು ಬರತೊಡಗಿದರು. ಅವರಿಗೆ ಕಾಗದದ ಮೇಲೆ ಏನೂ ಬೇಕಾಗಿರಲಿಲ್ಲ. “ನನ್ನ ಹೆಸರು ಮಾಡಿ ಮೊಬೈಲಿಗಿ ಹಾಕಿ ಕೊಡ್ರಿ” ಎನ್ನುತ್ತಿದ್ದರು. ಹೆಸರಿನ ಮೊದಲ ಅಕ್ಷರ ದೊಡ್ಡದಾಗಿ, ಬಂಗಾರದ ಬಣ್ಣ, ಅಂಚಿಗೆ ಕೆಂಪು, ಹಿಂದೆ ನೆರಳು, ಮೂಲೆಗೊಂದು ಗುಲಾಬಿ, ಮೇಲೆ ನಕ್ಷತ್ರ ಚೆಲ್ಲಿದ ಹಾಗೆ ಮಿಂಚು. ಇಪ್ಪತ್ತು ರೂಪಾಯಿ. ಹುಡುಗರು ತಮ್ಮ ಹೆಸರಿನ ಪಕ್ಕ ಇನ್ನೊಂದು ಅಕ್ಷರ ಹಾಕಿಸಿಕೊಂಡು, ಅದು ಯಾರದು ಎಂದು ನಾವು ಕೇಳದಿರಲಿ ಎಂದು ಗೋಡೆ ನೋಡುತ್ತ ನಿಲ್ಲುತ್ತಿದ್ದರು.

ಅದೇ ಊರಿನ ಮನೆಗಳ ಬಾಗಿಲ ಬಳಿ ಫರ್ಸಿ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ನೋಡುತ್ತ ನಾನು ಬೆಳೆದವಳು. ಶಹಾಬಾದ್ ಕಲ್ಲು ದೇಶದ ಅರ್ಧ ಅಂಗಳಗಳಿಗೆ ಹೋಗಿದೆ ಎಂದು ನಮ್ಮವರು ಜಂಬದಿಂದ ಹೇಳುತ್ತಾರೆ. ಊರಲ್ಲಿ ಉಳಿದ ಕಲ್ಲಿನ ಮೇಲೆ ಮನೆಯ ಯಜಮಾನನ ಹೆಸರು, ಕೆಳಗೆ ಇಸವಿ. ಮನೆಯಾಕೆಯ ಹೆಸರಿದ್ದ ಕಲ್ಲು ನಮ್ಮ ಓಣಿಯಲ್ಲಿ ನಾನು ಕಂಡಿರಲಿಲ್ಲ. ಹಾಗಾಗಿ ಅಂಗಡಿಗೆ ಬಂದು “ನನ್ನ ಹೆಸರು ಮಾಡಿ ಕೊಡ್ರಿ” ಎನ್ನುವ ಹುಡುಗಿಯರನ್ನು ಕಂಡರೆ ನನಗೆ ವಿಶೇಷ ಪ್ರೀತಿ. ಅವರಿಗೆ ಒಂದು ಗುಲಾಬಿ ಹೆಚ್ಚಿಗೆ ಹಾಕುತ್ತಿದ್ದೆ.

ಫೋಟೋಶಾಪಿನ ಕಥೆ ಓದಿದ ಮೇಲೆ ನನಗೆ ಅದರ ಮೇಲೂ ಪ್ರೀತಿ ಹೆಚ್ಚಿತು. ಅದನ್ನು ಶುರು ಮಾಡಿದ ಥಾಮಸ್ ನಾಲ್ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ವಿದ್ಯಾರ್ಥಿ. 1987ರಲ್ಲಿ ತನ್ನ ಕಪ್ಪು-ಬಿಳುಪು ಪರದೆಯ ಮೇಲೆ ಬೂದು ಬಣ್ಣದ ಛಾಯೆಗಳನ್ನು ತೋರಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದ. ಸಿನಿಮಾದ ವಿಶೇಷ ಪರಿಣಾಮಗಳ ಕಂಪನಿಯಲ್ಲಿದ್ದ ತಮ್ಮ ಜಾನ್ ಅದನ್ನು ನೋಡಿ ಹಿಂದೆ ಬಿದ್ದ. ಅಣ್ಣ ಓದಿಗೆ ವಿರಾಮ ಕೊಟ್ಟು ಅದನ್ನೇ ಬೆಳೆಸುತ್ತ ಹೋದ. 1990ರಲ್ಲಿ ಅಡೋಬ್ ಕಂಪನಿ ಅದನ್ನು ಫೋಟೋಶಾಪ್ ಎಂದು ಮಾರುಕಟ್ಟೆಗೆ ತಂದಿತು. ಮಹಾಪ್ರಬಂಧ ಬರೆಯಬೇಕಾದ ಹೊತ್ತಿನಲ್ಲಿ ಬೇರೇನೋ ಮಾಡುತ್ತ ಕೂರುವ ನಮ್ಮಂಥವರಿಗೆಲ್ಲ ಆತ ದೊಡ್ಡ ಧೈರ್ಯ.

ಆದರೆ ಆ ಧೈರ್ಯ ಕನ್ನಡಕ್ಕೆ ಬಂದಾಗ ಸ್ವಲ್ಪ ಕುಂಟುತ್ತದೆ. ಹಳೆಯ ಫೋಟೋಶಾಪಿನಲ್ಲಿ ಯೂನಿಕೋಡ್ ಕನ್ನಡ ಹಾಕಿ ನೋಡಿದವರಿಗೆ ಇದು ಗೊತ್ತು. ಲಕ್ಷ್ಮಿ ಎಂದು ಬರೆದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯಲು ಒಲ್ಲದೆ ಸಾಲಾಗಿ ನಿಂತುಬಿಡುತ್ತವೆ. ಸೂರ್ಯನ ಅರ್ಕಾವತ್ತು ಹಿಂದಕ್ಕೆ ಹೋಗುವುದೇ ಇಲ್ಲ. ಮುಂದಿನ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಒಂದು ಆಯ್ಕೆ ಬಂತು. ಸೆಟ್ಟಿಂಗ್‌ನೊಳಗೆ ಹೊಕ್ಕು ಅದನ್ನು ಬದಲಿಸಿ, ಪ್ರೋಗ್ರಾಂ ಮುಚ್ಚಿ ತೆರೆದರೆ ಅಕ್ಷರಗಳು ಕೂಡಿಕೊಳ್ಳುತ್ತವೆ. ಇದು ಗೊತ್ತಿಲ್ಲದವರು, ಹಳೆಯ ಆವೃತ್ತಿಯನ್ನೇ ನೆಚ್ಚಿಕೊಂಡವರು ನುಡಿಯ ಅಥವಾ ಶ್ರೀಲಿಪಿಯ ಫಾಂಟುಗಳಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಇನ್ನೊಂದು ತಮಾಷೆ. ಆ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರಗಳೇ, ಮೇಲಿನ ಅಂಗಿ ಮಾತ್ರ ಕನ್ನಡದ್ದು. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಅಂಗಿ ಕಳಚಿ ಬೀಳುತ್ತದೆ. ನುಡಿಯಲ್ಲಿ ‘ನ’ ಅಕ್ಷರದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು ಬರುತ್ತದೆ. ನಾಗಪ್ಪ, ಮಲ್ಲಿನಾಥ ಯಾರೇ ಇರಲಿ, ಫಾಂಟ್ ತಪ್ಪಿದ ದಿನ ಹೆಸರಿನಲ್ಲೊಂದು ಪೌಂಡು ಇದ್ದೇ ಇರುತ್ತದೆ.

ನಾನು ಈಗ ಬಳಸುವುದು ಗಿಂಪ್. ಇದನ್ನೂ ಶುರು ಮಾಡಿದವರು ವಿದ್ಯಾರ್ಥಿಗಳೇ. 1995ರಲ್ಲಿ ಬರ್ಕ್ಲಿಯ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್. ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಯೂನಿಕೋಡ್ ಕನ್ನಡವನ್ನು ಒತ್ತು ಸಮೇತ ಸರಿಯಾಗಿ ಕೂರಿಸುತ್ತದೆ. ಬಲೂ ತಮ್ಮ ಎಂಬ ದುಂಡನೆಯ ಫಾಂಟ್ ಆರಿಸಿದೆ. ಮಕ್ಕಳ ಹೆಸರಿಗೆ ಅದು ಒಗ್ಗುತ್ತದೆ.

ಶಾಲೆಯಿಂದ ಹಾಜರಿ ಪುಸ್ತಕದ ಫೋಟೋ ಬಂತು. ಜೊತೆಗೆ ಗೆಳತಿ ಒಂದು ಒಳ್ಳೆಯ ಕೆಲಸ ಮಾಡಿದ್ದಳು. ಪ್ರತಿ ಮಗುವಿನ ಹೆಸರಿನ ಮುಂದೆ ಆ ಮಗುವಿಗೆ ಇಷ್ಟವಾದ ಒಂದು ವಸ್ತುವನ್ನು ಬರೆಸಿ ಕಳಿಸಿದ್ದಳು. ಹೆಸರಿನ ಪಕ್ಕ ಅದರ ಚಿತ್ರ ಬರಬೇಕು. ನವಿಲು, ಮೊಲ, ಕ್ರಿಕೆಟ್ ಬ್ಯಾಟು, ಕೆಂಪು ಬಸ್ಸು ಇದ್ದವು. ಏಳು ಮಂದಿಗೆ ಟ್ರ್ಯಾಕ್ಟರ್ ಬೇಕಿತ್ತು. ಮೂವರಿಗೆ ಜೆಸಿಬಿ. ಒಬ್ಬನಿಗೆ ‘ಡ್ಯಾಮಿನ ನೀರು’. ಒಬ್ಬಳಿಗೆ ‘ನಿದ್ದಿ’. ನಿದ್ದೆಗೆ ಏನು ಚಿತ್ರ ಹಾಕುವುದೆಂದು ಅರ್ಧ ಗಂಟೆ ಯೋಚಿಸಿ ಒಂದು ಕೌದಿ ಬಿಡಿಸಿದೆ.

ಟ್ಯಾಗಿನ ಅಳತೆ ಒಂಬತ್ತು ಸೆಂಟಿಮೀಟರ್ ಅಗಲ, ಐದೂವರೆ ಎತ್ತರ. ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕೆಂದರೆ ಪರದೆಯ ಮೇಲೆ ಅದು 1063ಕ್ಕೆ 650 ಪಿಕ್ಸೆಲ್. ಒಂದೊಂದು ಟ್ಯಾಗಿಗೂ ನಾಲ್ಕು ಪದರ. ತಳದಲ್ಲಿ ಬಣ್ಣ, ಅದರ ಮೇಲೆ ಬಳ್ಳಿಯ ಅಂಚು, ಅದರ ಮೇಲೆ ಚಿತ್ರ, ಎಲ್ಲಕ್ಕೂ ಮೇಲೆ ಹೆಸರು. ಪದರಗಳ ಅನುಕೂಲವೆಂದರೆ ಕೆಳಗಿನ ಮೂರನ್ನು ಹಾಗೇ ಇಟ್ಟು ಹೆಸರೊಂದನ್ನೇ ಬದಲಿಸುತ್ತ ಹೋಗಬಹುದು. ಅನಾನುಕೂಲವೂ ಅದೇ. ಹತ್ತು ಹೆಸರಾಗುವಷ್ಟರಲ್ಲಿ ಕೈ ಯಂತ್ರವಾಗುತ್ತದೆ, ಹೆಸರು ಬರೀ ಒಂದು ಪದರವಾಗಿಬಿಡುತ್ತದೆ.

ನನ್ನನ್ನು ಎಚ್ಚರಿಸಿದ್ದು ಒಂದು ಚುಕ್ಕೆ. ಆ ಭಾಗದಲ್ಲಿ ತಾಂಡಾಗಳು ಬಹಳ. ಹಾಜರಿಯಲ್ಲಿ ರಾಠೋಡರು, ಚವ್ಹಾಣರು, ಜಾಧವರು ತುಂಬ. ಹೆಸರು ಎದ್ದು ಕಾಣಲೆಂದು ಅಕ್ಷರಗಳ ಸುತ್ತ ದಪ್ಪ ಅಂಚು ಕೊಟ್ಟಿದ್ದೆ. ಅಂಚು ಒಳಕ್ಕೂ ಉಬ್ಬಿ ‘ಠ’ದ ಹೊಟ್ಟೆಯೊಳಗಿನ ಚುಕ್ಕೆಯನ್ನು ನುಂಗಿಬಿಟ್ಟಿತ್ತು. ರಾಠೋಡರೆಲ್ಲ ರಾರೋಡರಾಗಿದ್ದರು. ಹಿಂದಕ್ಕೆ ಹೋಗಿ ನೋಡಿದರೆ ವಿಠಲನೂ ವಿರಲನಾಗಿದ್ದ. ‘ಥ’ದ ಚುಕ್ಕೆಗಳೂ ಹೋಗಿದ್ದವು. ಕನ್ನಡದಲ್ಲಿ ಒಂದು ಚುಕ್ಕೆ, ಒಂದು ಸೀಳು ಹೆಚ್ಚು ಕಡಿಮೆಯಾದರೆ ಬೇರೆ ಅಕ್ಷರವೇ ಆಗುತ್ತದೆ. ಅಲಂಕಾರ ಹೆಚ್ಚಾದಂತೆ ಮೊದಲು ಸಾಯುವುದು ಅದೇ. ಅಂಚು ತೆಳ್ಳಗೆ ಮಾಡಿ, ನೆರಳು ತೆಗೆದು, ಎಲ್ಲ ಹೆಸರುಗಳನ್ನೂ ಮತ್ತೆ ಮೊದಲಿನಿಂದ ಓದಿದೆ.

ಹಾಗೆ ಓದುವಾಗ ಆ ಹೆಸರಿನ ಹತ್ತಿರ ನಿಂತೆ. ಮಕ್ಕಳ ಹೆಸರುಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ, ಅವು ಅವರವು. ಆದರೆ ಈ ಒಂದು ಹೆಸರಿಲ್ಲದೆ ಮುಂದಿನ ಮಾತು ಆಡಲಾಗದು. ಅದೂ ಓಣಿಗೊಬ್ಬರು ಸಿಗುವಂಥ ಹೆಸರಾದ್ದರಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ. ಐದನೇ ತರಗತಿಯ ಹುಡುಗಿ. ಹೆಸರು ಸಾಕಮ್ಮ.

ನನ್ನ ಮೂರನೇ ಅಧ್ಯಾಯದಲ್ಲಿ ಒಂದು ಪಟ್ಟಿಯಿದೆ. ಅದರಲ್ಲಿ ಹೆಸರುಗಳನ್ನು ಕಾರಣದ ಪ್ರಕಾರ ವಿಂಗಡಿಸಿದ್ದೇನೆ. ದೇವರ ಹೆಸರು, ಹಿರಿಯರ ಹೆಸರು, ಹುಟ್ಟಿದ ವಾರದ ಹೆಸರು. ಮಕ್ಕಳು ಉಳಿಯದ ಮನೆಯಲ್ಲಿ ಸಾವಿನ ಕಣ್ಣು ತಪ್ಪಿಸಲು ಇಟ್ಟ ತಿಪ್ಪಣ್ಣ, ತಿಪ್ಪಮ್ಮ, ಗುಂಡಪ್ಪ. ಕೊನೆಯ ಕಾಲಂ, ಹೆಣ್ಣು ಇನ್ನು ಸಾಕು ಎಂದು ಇಟ್ಟ ಹೆಸರುಗಳು. ಅದರಲ್ಲಿ ಮೊದಲ ಹೆಸರೇ ಸಾಕಮ್ಮ. ಇದು ನನ್ನ ಕಲ್ಪನೆಯಲ್ಲ. ಸಾಲಾಗಿ ಹೆಣ್ಣು ಹುಟ್ಟಿದ ಮನೆಗಳಲ್ಲಿ ಹಾಗೆ ಇಡುವುದುಂಟು. ಮುಂದಿನದು ಗಂಡಾಗಲಿ ಎಂಬ ಅರಿಕೆಯನ್ನು ಒಂದು ಮಗುವಿನ ಕೊರಳಿಗೆ ಜೀವನವಿಡೀ ಕಟ್ಟುವುದು ಅದು. ಮರಾಠಿಯಲ್ಲಿ ಇದೇ ಬಗೆಯ ‘ನಕೋಶಿ’ ಎಂಬ ಹೆಸರಿದೆ, ಬೇಡವಾದವಳು ಎಂದು ಅರ್ಥ. 2011ರಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಆ ಹೆಸರಿನ ನೂರಾರು ಹುಡುಗಿಯರಿಗೆ ಒಂದು ಸಮಾರಂಭದಲ್ಲಿ ಹೊಸ ಹೆಸರುಗಳನ್ನು ಇಡಲಾಯಿತು. ಅದನ್ನು ನಾನು ನನ್ನ ಅಧ್ಯಾಯದಲ್ಲಿ ಮೆಚ್ಚಿ ಬರೆದಿದ್ದೆ.

ಸಾತಾರಾ ತಲೆಯಲ್ಲಿತ್ತು. ಸಾಕಮ್ಮನ ಟ್ಯಾಗಿಗೆ ಆಕೆ ಕೇಳಿದ್ದ ಮೊಲವನ್ನೇ ಹಾಕಿದೆ. ಆಮೇಲೆ ಸುಮ್ಮನಿರಲಾಗದೆ ಅದೇ ಬಣ್ಣ, ಅದೇ ಮೊಲದ ಇನ್ನೊಂದು ಟ್ಯಾಗ್ ಮಾಡಿ ‘ಸಾಕ್ಷಿ’ ಎಂದು ಬರೆದೆ. ಮೊದಲಕ್ಷರ ಅದೇ. ಕೇಳಲು ಹೊಸದು, ಚಂದದ್ದು. ಹುಡುಗಿಗೆ ಎರಡನ್ನೂ ತೋರಿಸಿ, ಎರಡು ದಿನದ ಮಟ್ಟಿಗೆ ಬೇಕಾದ್ದನ್ನು ಹಾಕಿಕೋ ಎನ್ನುವುದು ನನ್ನ ಯೋಚನೆ. ಆ ರಾತ್ರಿ ಬಹಳ ಒಳ್ಳೆಯ ಕೆಲಸ ಮಾಡಿದವಳ ಹಾಗೆ ಮಲಗಿದೆ.

ಮರುದಿನ ಅಚ್ಚಿಗೆ ಜೋಡಿಸಿದೆ. ಎ4 ಹಾಳೆಯೊಂದಕ್ಕೆ ಎರಡು ಸಾಲು, ಸಾಲಿಗೆ ಐದು, ಒಟ್ಟು ಹತ್ತು ಟ್ಯಾಗು. ನಲವತ್ಮೂರು ಮಕ್ಕಳು, ಒಂದು ಸಾಕ್ಷಿ, ನಲವತ್ನಾಲ್ಕು. ಐದನೇ ಹಾಳೆಯಲ್ಲಿ ಆರು ಜಾಗ ಉಳಿದವು. ಮುಖ್ಯಗುರುಗಳು, ಇಬ್ಬರು ಶಿಕ್ಷಕರು, ಶಿಬಿರ ನಡೆಸುವ ನಾವು ಮೂವರು. ಸರಿಯಾಗಿ ಐವತ್ತು. ಒಂದು ಚೂರು ಕಾಗದವೂ ಹಾಳಾಗಲಿಲ್ಲ ಎಂದು ಖುಷಿಪಟ್ಟೆ. ಚಿಂಚೋಳಿಯ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ, ತೂತು ಹೊಡೆಸಿ ದಾರ ಪೋಣಿಸಿದೆವು.

ಚಂದ್ರಂಪಳ್ಳಿಯನ್ನು ನೋಡದವರಿಗೆ ಅದು ಕಲಬುರಗಿ ಜಿಲ್ಲೆ ಎಂದರೆ ನಂಬಿಕೆ ಬರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿಯ ಕಡೆ ಸಿಮೆಂಟಿನ ಧೂಳು, ಕಲ್ಲಿನ ಗಣಿ, ಸಮತಟ್ಟಾದ ತೊಗರಿ ಹೊಲಗಳನ್ನು ನೋಡಿ ಬಂದ ಕಣ್ಣಿಗೆ ಇಲ್ಲಿ ಒಮ್ಮೆಲೆ ಗುಡ್ಡ, ಕಾಡು, ಗುಡ್ಡಗಳ ನಡುವೆ ನಿಂತ ನೀರು. 2011ರಲ್ಲಿ ಸರ್ಕಾರ ಈ ಕಾಡನ್ನು ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಿತು. ತೆಲಂಗಾಣದ ಗಡಿ ಇಲ್ಲಿಂದ ದೂರವಿಲ್ಲ. ಶಾಲೆಯ ಅಂಗಳದಲ್ಲಿ ಒಂದೇ ಆಟದಲ್ಲಿ ಕನ್ನಡ, ತೆಲುಗು, ಲಂಬಾಣಿ, ದಖನಿ ಉರ್ದು ಎಲ್ಲ ಕೇಳುತ್ತವೆ. ಜಗಳ ಮಾತ್ರ ಯಾವ ಭಾಷೆಯಲ್ಲಿ ಶುರುವಾದರೂ ಕನ್ನಡದಲ್ಲಿ ಮುಗಿಯುತ್ತದೆ, ಯಾಕೆಂದರೆ ಸರ್ ಹತ್ತಿರ ದೂರು ಹೇಳಬೇಕಲ್ಲ.

ಟ್ಯಾಗುಗಳನ್ನು ಮೇಜಿನ ಮೇಲೆ ಹರಡಿ, ನಿಮ್ಮ ಹೆಸರು ನೀವೇ ಹುಡುಕಿಕೊಳ್ಳಿ ಎಂದೆವು. ಅದೇ ಶಿಬಿರದ ಮೊದಲ ಓದು. ಗದ್ದಲವೋ ಗದ್ದಲ. ಜೆಸಿಬಿಯ ಮೂವರು ಯಾರ ಜೆಸಿಬಿ ದೊಡ್ಡದೆಂದು ಅಳತೆ ಹಚ್ಚಿದರು. ನಿದ್ದೆ ಕೇಳಿದವಳು ಕೌದಿ ನೋಡಿ, “ಇದು ನಮ್ಮ ಆಯಿ ಹೊಲದದ್ದೇ ಅದ” ಎಂದಳು.

ಸಾಕಮ್ಮ ಮೆಲ್ಲಗೆ ಬಂದಳು. ಎರಡು ಜಡೆ, ಎರಡಕ್ಕೂ ಬೇರೆ ಬಣ್ಣದ ರಿಬ್ಬನ್ನು. ತನ್ನ ಹೆಸರು ಕಂಡಿತು, ತೆಗೆದು ಕೊರಳಿಗೆ ಹಾಕಿಕೊಂಡಳು. ನಾನು ಆಕೆಯನ್ನು ಬದಿಗೆ ಕರೆದು ಸಾಕ್ಷಿಯನ್ನು ಕೈಗಿಟ್ಟೆ.

“ಇದು ಯಾರ್ದುರಿ?”

“ನಿಂದೇ. ನಿನಗ ಬೇಕಾದ್ರ ಇದನ್ನ ಹಾಕ್ಕೋ.”

ಆಕೆ ಓದಿದಳು. ತಿರುಗಿಸಿ ನೋಡಿದಳು. ಮೊಲವನ್ನು ನೋಡಿದಳು, ತನ್ನ ಕೊರಳಲ್ಲಿದ್ದ ಮೊಲವನ್ನೂ ನೋಡಿದಳು. ದಾರಿಯಲ್ಲಿ ಬಿದ್ದ ಇನ್ನೊಬ್ಬರ ಪೆನ್ನನ್ನು ಟೀಚರಿಗೆ ತಂದುಕೊಡುವ ಹಾಗೆ ಅದನ್ನು ನನ್ನ ಕೈಗೆ ವಾಪಸು ಕೊಟ್ಟು, “ಇದು ನಂದಲ್ರಿ ಟೀಚರ್” ಎಂದು ಓಡಿಹೋದಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಅದನ್ನೂ ಅಧ್ಯಾಯದಲ್ಲಿ ಒಂದು ಟಿಪ್ಪಣಿ ಮಾಡುತ್ತಿದ್ದೆನೇನೋ. ಬೇಡದ ಹೆಸರನ್ನೂ ಮಕ್ಕಳು ಹೇಗೆ ತಮ್ಮದಾಗಿಸಿಕೊಳ್ಳುತ್ತಾರೆ ಎಂದು. ಮಧ್ಯಾಹ್ನ ಊಟಕ್ಕೆ ಕೂತೆವು. ನಮ್ಮ ಜಿಲ್ಲೆಗೂ ಬಿಸಿಯೂಟಕ್ಕೂ ಹಳೆಯ ನಂಟು. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಬಡಿಸಲು ಬಂದಾಕೆಗೆ ಐವತ್ತು ದಾಟಿರಬೇಕು. ಮಕ್ಕಳ ಕೊರಳಿನ ಟ್ಯಾಗುಗಳನ್ನು ಒಂದೊಂದಾಗಿ ನೋಡುತ್ತ, “ಇದೇನು, ಟ್ಯಾಕ್ಟರ್ರಾ? ಚಂದದ” ಎಂದು ಎಲ್ಲರನ್ನೂ ಮಾತಾಡಿಸುತ್ತ ಬಂದರು. ನನ್ನ ತಟ್ಟೆಗೆ ಅನ್ನ ಹಾಕಿ, ಸಾರು ಹಾಕುವ ಮೊದಲು ನಿಂತರು.

“ಮೇಡಮ್ಮೋರೆ, ನಮ್ಮ ಹುಡುಗಿಗಿ ಎರಡ್ ಹೆಸರು ಮಾಡೀರಂತ?”

ನಾನು ಏನೋ ತಡವರಿಸಿದೆ. ಆ ಹೆಸರು ಈಗಿನ ಕಾಲಕ್ಕೆ, ಮುಂದೆ ಕಾಲೇಜಿಗೆ ಹೋದಾಗ, ಹುಡುಗರು ಆಡಿಕೊಂಡರೆ, ಹೀಗೆಲ್ಲ. ಆಕೆ ಸಾರು ಹಾಕಿದರು. ಸಿಟ್ಟು ಇರಲಿಲ್ಲ. ಅಲ್ಲೇ ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತರು.

“ನಂದೂ ಸಾಕಮ್ಮನೇ ಅದ. ನಮ್ಮವ್ವಗ ನಾ ಐದನೇದಾಕಿ. ನನಗ ಸಾಕು ಅಂತೇ ಇಟ್ಟಾರ, ಅದು ಖರೇ. ನೀವು ಅಂದ್ಕೊಂಡದ್ದು ಸುಳ್ಳಲ್ಲ.” ಸ್ವಲ್ಪ ಹೊತ್ತು ಸೌಟನ್ನು ಬಕೆಟ್ಟಿನಲ್ಲಿ ಆಡಿಸಿದರು. “ಈಕಿ ಅಪ್ಪಗ ನಾ ಹಡದಿಲ್ರಿ. ಹಡದಾಕಿ ಆಂವ ಎರಡು ವರ್ಷದಾಂವ ಇದ್ದಾಗ ಹೋದಳು. ನನಗ ಮಕ್ಕಳಿರ್ಲಿಲ್ಲ. ನಾ ಸಾಕಿದೆ. ಆಂವಗ ಮಗಳು ಹುಟ್ಟಿದಾಗ ಊರಾಗ ಎಲ್ಲಾರೂ ಬ್ಯಾರೆ ಹೆಸರು ಇಡು ಅಂದ್ರು. ಆಂವ ಕೇಳಲಿಲ್ಲ. ಸಾಕಿದಾಕಿ ಸಾಕಮ್ಮ, ಅದೇ ಇಡ್ತೀನಿ ಅಂದ.”

ಅಷ್ಟು ಹೇಳಿ ಎದ್ದು ಮುಂದಿನ ಸಾಲಿಗೆ ಹೋದರು.

ಸಾಕು ಎಂದರೆ ಇನ್ನು ಬೇಡ. ಸಾಕು ಎಂದರೆ ಪೊರೆ, ಬೆಳೆಸು. ಸಾಕುತಾಯಿ, ಸಾಕುಮಗ ಎಂಬ ಮಾತುಗಳನ್ನು ಆಡುತ್ತಲೇ ಬೆಳೆದ ನನಗೆ, ಕನ್ನಡ ಎಂ.ಎ. ಮಾಡಿ, ಹೆಸರುಗಳ ಮೇಲೆ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿರುವ ನನಗೆ, ಈ ಎರಡನೆಯ ಅರ್ಥ ಒಮ್ಮೆಯೂ ಹೊಳೆದಿರಲಿಲ್ಲ. ನನ್ನ ಪಟ್ಟಿಯಲ್ಲಿ ಸಾಕಮ್ಮಂದಿರು ಇಪ್ಪತ್ತಕ್ಕೂ ಹೆಚ್ಚು ಇದ್ದಾರೆ. ಅವರ ಹೆಸರುಗಳನ್ನು ಮತದಾರರ ಪಟ್ಟಿಯಿಂದ, ಶಾಲೆಯ ದಾಖಲೆಗಳಿಂದ ತೆಗೆದುಕೊಂಡಿದ್ದೆ. ಒಬ್ಬರನ್ನೂ ಹೋಗಿ ಕೇಳಿರಲಿಲ್ಲ. ಕೇಳುವ ಅಗತ್ಯವೇನು, ಅರ್ಥ ಹೆಸರಿನಲ್ಲೇ ಇದೆಯಲ್ಲ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಅಜ್ಜಿಯ ಹೆಸರಿಗೆ ಒಂದು ಅರ್ಥ, ಮೊಮ್ಮಗಳ ಹೆಸರಿಗೆ ಇನ್ನೊಂದು. ಅಕ್ಷರದಲ್ಲಿ ಒಂದು ಚುಕ್ಕೆಯ ವ್ಯತ್ಯಾಸವೂ ಇಲ್ಲ.

ಅನ್ನ ಇಳಿಯಲಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಇನ್ನೊಂದು. ಐವತ್ತು ಟ್ಯಾಗುಗಳಲ್ಲಿ ಅಡುಗೆಯವರದು ಒಂದೂ ಇರಲಿಲ್ಲ. ಶಾಲೆಯಲ್ಲಿ ಯಾರು ಯಾರಿರುತ್ತಾರೆ ಎಂದು ಲೆಕ್ಕ ಹಾಕುವಾಗ ಅವರು ನೆನಪಿಗೇ ಬಂದಿರಲಿಲ್ಲ. ಯಾರೂ ಕೇಳದ ಸಾಕ್ಷಿಗೆ ಹಾಳೆಯಲ್ಲಿ ಜಾಗ ಸಿಕ್ಕಿತ್ತು, ಎದುರಿಗೆ ನಿಂತು ಅನ್ನ ಹಾಕಿದ ಸಾಕಮ್ಮನಿಗೆ ಸಿಕ್ಕಿರಲಿಲ್ಲ.

ನಾನು ಹಿಂದೆ ಒಮ್ಮೆ ಚಿತ್ತಾಪುರದ ಕಡೆ ಭೀಮಾ ದಂಡೆಯ ಸನ್ನತಿಗೆ, ಅದರ ಪಕ್ಕದ ಕನಗನಹಳ್ಳಿಗೆ ಹೋಗಿದ್ದೆ. ಅಲ್ಲಿನ ಬೌದ್ಧ ಸ್ತೂಪದ ಉತ್ಖನನದಲ್ಲಿ ಸಿಕ್ಕ ಒಂದು ಸುಣ್ಣಕಲ್ಲಿನ ಚಪ್ಪಡಿ ಈಗ ಲೋಕಪ್ರಸಿದ್ಧ. ಸುಮಾರು ಎರಡು ಸಾವಿರ ವರ್ಷ ಹಳೆಯದು. ರಾಜನೊಬ್ಬ ನಿಂತಿದ್ದಾನೆ, ಪಕ್ಕದಲ್ಲಿ ರಾಣಿ, ಹಿಂದೆ ಚಾಮರ, ಕೊಡೆ ಹಿಡಿದ ಹೆಂಗಸರು. ಕಲ್ಲಿನ ಅಂಚಿನಲ್ಲಿ ಬ್ರಾಹ್ಮಿ ಅಕ್ಷರಗಳಲ್ಲಿ ‘ರಾಯ ಅಸೋಕೋ’, ರಾಜ ಅಶೋಕ. ಅಶೋಕನ ಹೆಸರು ಹೊತ್ತ ಅಶೋಕನ ಚಿತ್ರವೆಂದು ಅದಕ್ಕೆ ಅಷ್ಟು ಬೆಲೆ. ಅವತ್ತು ನಾನು ಗೆಳತಿಗೆ, “ನೋಡು, ನಮ್ಮ ಜಿಲ್ಲೆಯ ಮೊದಲನೇ ನೇಮ್ ಟ್ಯಾಗು” ಎಂದು ನಗೆಯಾಡಿದ್ದೆ. ರಾಣಿಯ ಹೆಸರಿಲ್ಲ, ಚಾಮರ ಹಿಡಿದವಳದಿಲ್ಲ ಎಂದು ಜಾಣತನದ ಮಾತೂ ಆಡಿದ್ದೆ. ಸಾಂಚಿ, ಅಮರಾವತಿಗಳಂಥ ಸ್ತೂಪಗಳಲ್ಲಿ ದಾನ ಕೊಟ್ಟ ಭಿಕ್ಖುಣಿಯರ, ಸಂಸಾರಸ್ಥ ಹೆಂಗಸರ ಹೆಸರುಗಳು ಕಲ್ಲಿನ ಮೇಲಿವೆ. ಅಂದರೆ ಆ ಕಾಲದ ಕಲ್ಲುಕುಟಿಗರು ಕೊಟ್ಟವರ ಹೆಸರನ್ನಾದರೂ ಬರೆಯುತ್ತಿದ್ದರು. ನಾನು ಅಷ್ಟನ್ನೂ ಮಾಡಿರಲಿಲ್ಲ. ನನ್ನ ಹತ್ತಿರ ಉಳಿಯೂ ಸುತ್ತಿಗೆಯೂ ಬೇಕಿರಲಿಲ್ಲ, ಇನ್ನೊಂದು ಪದರ ಸೇರಿಸಿದ್ದರೆ ಸಾಕಿತ್ತು.

ಸಂಜೆ ಮಕ್ಕಳು ಹೋದ ಮೇಲೆ ಅಡುಗೆಮನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಅಡುಗೆಯವರು ಇಬ್ಬರು. ಪಾತ್ರೆ ತೊಳೆಯುತ್ತಿದ್ದರು. ನಿಮ್ಮ ಹೆಸರೂ ಮಾಡುತ್ತೇನೆ, ಪಕ್ಕದಲ್ಲಿ ಯಾವ ಚಿತ್ರ ಬೇಕು ಹೇಳಿ ಎಂದೆ. ಚಿಕ್ಕಾಕೆ ನಾಚಿಕೊಂಡು ಗುಲಾಬಿ ಎಂದರು. ಸಾಕಮ್ಮನವರು ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಪರದೆಯ ಮುಂದೆ ಕೂತು ಒಂದಿಷ್ಟು ಯೋಚಿಸಿ, “ತೊಗರಿ ಹೂ ಹಾಕ್ರಿ” ಎಂದರು.

ನನ್ನ ಹತ್ತಿರ ಹೂವುಗಳ ದೊಡ್ಡ ಭಂಡಾರವೇ ಇದೆ. ಹಿನ್ನೆಲೆ ತೆಗೆದ ಪಿಎನ್‌ಜಿ ಚಿತ್ರಗಳು. ಗುಲಾಬಿಯಲ್ಲೇ ಇನ್ನೂರು ಬಗೆ. ಟ್ಯುಲಿಪ್, ಲಿಲ್ಲಿ, ಜಪಾನಿನ ಚೆರಿ, ನಾನು ಕಣ್ಣಾರೆ ಕಾಣದ ಹೂವುಗಳೆಲ್ಲ ಇವೆ. ತೊಗರಿ ಹೂ ಇಲ್ಲ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲಿ ಕೂತು ಹೂವಿನ ಚಿತ್ರ ಮಾಡುವ ನಾನು ಇಷ್ಟು ವರ್ಷದಲ್ಲಿ ಒಂದು ತೊಗರಿ ಹೂವನ್ನು ಬಿಡಿಸಿರಲಿಲ್ಲ. ಆಗ ರಾಶಿಯ ಕಾಲ, ಹೊಲದಲ್ಲೂ ಹೂ ಇರಲಿಲ್ಲ. ಬಾಯಲ್ಲಿ ಹೇಳಿ ಎಂದೆ. ಅವರು ಹೇಳುತ್ತ ಹೋದರು, ನಾನು ಬಿಡಿಸುತ್ತ ಹೋದೆ. ಹಳದಿ. ಅಷ್ಟು ಹಳದಿ ಅಲ್ಲ, ಇನ್ನೊಂದಿಷ್ಟು ಬೆಳ್ಳಗ. ಮ್ಯಾಲಿನ ಪಕಳಿ ಅಗಲ, ಅದರ ಬೆನ್ನಿಗಿ ಕೆಂಪು ಗೆರಿ ಇರ್ತಾವ, ಸಣ್ಣಗ, ನರದಂಗ. ಒಂದೇ ಹೂ ಬ್ಯಾಡ, ಗೊಂಚಲು ಇರ್ಲಿ. ಕೆಂಪು ಗೆರೆಗಳನ್ನು ನಾನು ಮೂರು ಸಲ ಅಳಿಸಿ ಬರೆದೆ. ಕೊನೆಗೆ “ಹಾಂ, ಈಗ ತೊಗರಿ ಆಯ್ತು” ಎಂದರು.

“ಹೆಸರು ಏನಂತ ಬರೀಲಿ?” ಎಂದೆ. ಈ ಸಲ ಕೇ‌ಳಿಯೇ ಬರೆಯಬೇಕೆಂದು.

“ಸಾಕಮ್ಮ ಅಂತೇ ಬರೀರಿ. ನಂದು ಒಂದು ಆಕಿದು ಒಂದು, ಎರಡೂ ಒಂದೇ ನಮೂನಿ ಇರ್ಲಿ. ಅಕ್ಷರ ದಪ್ಪ ಇರ್ಲಿ, ನನಗ ಓದ್ಲಿಕ್ಕ ಬರಲ್ಲ, ಆದ್ರ ನನ್ನ ಹೆಸರು ಗುರ್ತು ಹಿಡೀತೀನಿ.”

ಓದಲು ಬರದವರಿಗೆ ಹೆಸರು ಒಂದು ಚಿತ್ರವೇ. ಅಕ್ಷರಗಳನ್ನು ಬಿಡಿಸಿ ಓದದೆ ಇಡೀ ಹೆಸರನ್ನು ಮುಖದ ಹಾಗೆ ಗುರುತು ಹಿಡಿಯುತ್ತಾರೆ. ಆ ಮುಖಕ್ಕೆ ನೆರಳು, ಮಿಂಚು, ಉಬ್ಬು ಹಚ್ಚಿದರೆ ಗುರುತು ಸಿಗುವುದಿಲ್ಲ. ಎಲ್ಲ ಪರಿಣಾಮಗಳನ್ನೂ ತೆಗೆದು ಕಪ್ಪು ಅಕ್ಷರದಲ್ಲಿ ಬರೆದೆ. ಅಚ್ಚು ಹಾಕಲು ಅಲ್ಲಿ ಪ್ರಿಂಟರ್ ಇರಲಿಲ್ಲ. ಮಗನ ಮೊಬೈಲಿಗೆ ಚಿತ್ರ ಕಳಿಸಿದೆ. ಮರುದಿನ ಗೆಳತಿ ಚಿಂಚೋಳಿಗೆ ಹೋಗಿ ಎರಡು ಟ್ಯಾಗು ಮಾಡಿಸಿ ತಂದಳು. ಶಿಬಿರದ ಕೊನೆಯ ಫೋಟೋದಲ್ಲಿ ಅಡುಗೆಯವರಿಬ್ಬರೂ ಹಿಂದಿನ ಸಾಲಿನಲ್ಲಿದ್ದಾರೆ. ಸಾಕಮ್ಮನವರ ಟ್ಯಾಗು ಸೆರಗಿನಡಿ ಅರ್ಧ ಮುಚ್ಚಿದೆ, ಹೂವಿನ ಗೊಂಚಲು ಮಾತ್ರ ಕಾಣುತ್ತದೆ. ಮುಂದಿನ ಸಾಲಿನ ಸಾಕಮ್ಮನದು ಪೂರ್ತಿ ಕಾಣುತ್ತದೆ, ಮೊಲದ ಸಮೇತ.

ಕಲಬುರಗಿಗೆ ಬಂದ ಮೇಲೆ ಮೂರನೇ ಅಧ್ಯಾಯ ತೆರೆದೆ. ಪಟ್ಟಿಯ ಕೊನೆಯ ಕಾಲಮ್ಮನ್ನು ಪೂರ್ತಿ ತೆಗೆದುಹಾಕಬೇಕೆಂದು ಮೊದಲು ಅನ್ನಿಸಿತು. ಅದೂ ತಪ್ಪಾಗುತ್ತಿತ್ತು. ಐದನೆಯ ಹೆಣ್ಣು ಸಾಕು ಎಂದು ಹೆಸರಿಟ್ಟದ್ದು ಖರೇ ಎಂದು ಸ್ವತಃ ಹೆಸರಿನವರೇ ಹೇಳಿದ್ದರಲ್ಲ. ಸಾತಾರಾದ ಹುಡುಗಿಯರಿಗೆ ಹೊಸ ಹೆಸರು ಬೇಕಿದ್ದಿರಬಹುದು, ಈ ಹುಡುಗಿಗೆ ಬೇಕಿರಲಿಲ್ಲ. ಕೇಳದೆ ಯಾವುದನ್ನೂ ಯಾವ ಕಾಲಮ್ಮಿಗೂ ಹಾಕಬಾರದು ಅಷ್ಟೆ. ಮಾರ್ಗದರ್ಶಕರ ಹತ್ತಿರ ಹೋಗಿ, ಪಟ್ಟಿಯಲ್ಲಿರುವ ಸಾಕಮ್ಮಂದಿರಲ್ಲಿ ಸಿಗುವಷ್ಟು ಜನರನ್ನು ಕಂಡು ಕೇಳಿಕೊಂಡು ಬರಬೇಕು, ಇನ್ನಾರು ತಿಂಗಳು ಬೇಕು ಎಂದೆ. ಅವರು ಕ್ಯಾಲೆಂಡರ್ ನೋಡಿದರು, ನನ್ನನ್ನು ನೋಡಿದರು, “ಇದು ಮೊದಲೇ ಮಾಡಬೇಕಾಗಿತ್ತಲ್ಲಮ್ಮ” ಎಂದರು. ಹೌದು ಸರ್ ಎಂದೆ.

ಈಗ ವಾರಕ್ಕೆ ಎರಡು ದಿನ ಊರೂರು ತಿರುಗುತ್ತೇನೆ. ಇದುವರೆಗೆ ಒಂಬತ್ತು ಜನರನ್ನು ಕಂಡಿದ್ದೇನೆ. ಕೆಲವರು ಕಾರಣ ಹೇಳಿದರು, ಕೆಲವರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ಮಾತು ಮುಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು, ನಿಮ್ಮ ಹೆಸರು ಮಾಡಿ ಕೊಡಲಾ, ಯಾವ ಹೂ ಬೇಕು ಎಂದು ಕೇಳುತ್ತೇನೆ. ಇದು ಸಂಶೋಧನೆಯ ವಿಧಾನದಲ್ಲಿ ಎಲ್ಲೂ ಬರುವುದಿಲ್ಲ. ಸೂರ್ಯಕಾಂತಿ, ಚೆಂಡುಹೂ, ಕುಸುಬಿ ಹೂ, ಹೊಸ ಹೂಗಳು ನನ್ನ ಭಂಡಾರಕ್ಕೆ ಸೇರುತ್ತಿವೆ.

‘ಸಾಕ್ಷಿ’ ಎಂಬ ಕಡತವನ್ನು ನಾನು ಅಳಿಸಿಲ್ಲ. ಅದರ ಲ್ಯಾಮಿನೇಷನ್ ಮಾಡಿದ ಟ್ಯಾಗು ನನ್ನ ಓದುವ ಮೇಜಿನ ಮೇಲೆ, ಮೂರನೇ ಅಧ್ಯಾಯದ ಕಾಗದಗಳು ಹಾರದಂತೆ ಸಿಕ್ಕಿಸಿದ ಕ್ಲಿಪ್ಪಿಗೆ ತೂಗುಬಿದ್ದಿದೆ. ಬಂದವರು ಯಾರದಿದು ಎಂದು ಕೇಳುತ್ತಾರೆ. ನಂದೇ ಎನ್ನುತ್ತೇನೆ.